ಗೂಡು ಬೇಯುವ ಮನೆಯ ಗಾಳಿ



ಶಿಡ್ಲಘಟ್ಟದ ಚರಕದ ಮನೆಯಲ್ಲಿ ಕೂತು ರೇಷ್ಮೆ ಗೂಡು ಬಿಚ್ಚುವ ಹೆಣ್ಣುಮಗಳು ಬೆಳಗಿನಿಂದ ಸಂಜೆಯವರೆಗೆ ಎಂಥ ಗಾಳಿ ಉಸಿರಾಡುತ್ತಾಳೆ? ಇವತ್ತಿನ ಮಾತು ಮುಖ್ಯವಾಗಿ ಅವಳನ್ನು ಕುರಿತದ್ದು. ಪೇರೇಸಂದ್ರದ ಕಡೆ ಕ್ರಷರ್‌ನಲ್ಲಿ ದುಡಿಯುವ ಆಳು, ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಲಾರಿಗೆ ಕ್ರೇಟು ಏರಿಸುವ ಹಮಾಲಿ, ಗೌರಿಬಿದನೂರಿನ ಹಳೆಯ ಬೀದಿಯಲ್ಲಿ ನಸುಕಿಗೆ ಎದ್ದು ಹಂಡೆ ಒಲೆ ಉರಿಸುವ ಅಜ್ಜಿ, ಇವರೂ ನಡುವೆ ಬಂದು ಹೋಗುತ್ತಾರೆ.

ಗಾಳಿ ಕೆಟ್ಟಿದೆ ಎಂಬ ಸುದ್ದಿ ಬಂದರೆ ನಮ್ಮ ಮನಸ್ಸು ದೆಹಲಿಗೆ ಹೋಗುತ್ತದೆ, ಹೆಚ್ಚೆಂದರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ಗೆ ಬಂದು ನಿಲ್ಲುತ್ತದೆ. ನಾವು ನಂದಿ ಬೆಟ್ಟದ ತಪ್ಪಲಿನವರು. 1,478 ಮೀಟರ್ ಎತ್ತರದ ಆ ಬೆಟ್ಟಕ್ಕೆ ಶನಿವಾರ ಭಾನುವಾರ ಬೆಂಗಳೂರಿನವರು ಗಾಳಿ ಕುಡಿಯಲೆಂದೇ ಬರುತ್ತಾರೆ. ಕೇಂದ್ರ ಸರ್ಕಾರ 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಂಭಿಸಿದಾಗ ಗಾಳಿ ಕೆಟ್ಟ ನಗರಗಳ ಅದರ ಪಟ್ಟಿಗೆ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ. ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು, ನಮ್ಮ ಈ ನಾಲ್ಕು ಊರುಗಳಲ್ಲಿ ಒಂದರ ಹೆಸರೂ ಅಲ್ಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವೊಂದಿದೆ. ಅದರ ಅಂಕಿ ದೇಶದ ಎಕ್ಯುಐ, ಅಂದರೆ ಗಾಳಿ ಗುಣಮಟ್ಟ ಸೂಚ್ಯಂಕದ ಪಟ್ಟಿಯಲ್ಲಿ ದಿನವೂ ಬರುತ್ತದೆ, ಹಸಿರು, ಹಳದಿ, ಕಿತ್ತಳೆ, ಕೆಂಪು ಎಂದು ಬಣ್ಣ ಹಚ್ಚಿಕೊಂಡು. ನಮ್ಮ ಬಣ್ಣ ದೆಹಲಿಯ ಬಣ್ಣಕ್ಕಿಂತ ಎಷ್ಟೋ ವಾಸಿ. ಇದು ನಿಜ, ಇದಕ್ಕೆ ಸಂತೋಷಪಡೋಣ.

ಆದರೆ ಆ ಯಂತ್ರ ಒಂದೇ ಕಡೆ ನಿಂತು ಬಯಲಿನ ಗಾಳಿಯನ್ನು ಅಳೆಯುತ್ತದೆ. ಬಯಲಿನಲ್ಲಿ ದಿನವಿಡೀ ನಿಂತಿರುವ ಮನುಷ್ಯ ಯಾರೂ ಇಲ್ಲ. ನಾವು ಅಡುಗೆಮನೆಯಲ್ಲಿರುತ್ತೇವೆ, ಬಸ್ಸಿನಲ್ಲಿರುತ್ತೇವೆ, ಮಂಡಿಯಲ್ಲಿ, ಕಲ್ಲು ಕ್ವಾರಿಯಲ್ಲಿ, ಬಾಗಿಲು ಹಾಕಿಕೊಂಡ ಮಲಗುವ ಕೋಣೆಯಲ್ಲಿರುತ್ತೇವೆ. ಊರಿನ ಗಾಳಿ ಎಂಬುದು ಒಂದು ಸರಾಸರಿ. ಶ್ವಾಸಕೋಶಕ್ಕೆ ಸರಾಸರಿ ಗೊತ್ತಿಲ್ಲ, ತನ್ನ ಮೂಗಿನ ಮುಂದೆ ಇರುವ ಗಾಳಿಯಷ್ಟೇ ಗೊತ್ತು. ನಾವು ದಿನಕ್ಕೆ ಒಳಗೆ ತೆಗೆದುಕೊಳ್ಳುವ ಗಾಳಿ ಸುಮಾರು ಹತ್ತು ಸಾವಿರ ಲೀಟರಿಗೂ ಮೇಲು. ಮೈಬಗ್ಗಿಸಿ ದುಡಿಯುವವರದು ಇನ್ನೂ ಹೆಚ್ಚು. ಅಂದರೆ ಒಂದೇ ಧೂಳಿನಲ್ಲಿ ನಿಂತ ಮಾಲೀಕನಿಗಿಂತ ಕಲ್ಲು ಹೊರುವ ಆಳಿನ ಎದೆಗೆ ಹೆಚ್ಚು ಧೂಳು ಇಳಿಯುತ್ತದೆ.

ಒಂದು ಲೆಕ್ಕ ಹೇಳುತ್ತೇನೆ. ಅಳೆದು ತಂದದ್ದಲ್ಲ, ವಿಷಯ ತಿಳಿಯಲೆಂದು ಹಾಕಿಕೊಂಡ ಊಹೆಯ ಲೆಕ್ಕ. ಎದೆಯ ಆಳಕ್ಕೆ ಇಳಿಯುವ ಸಣ್ಣ ಕಣಗಳಿಗೆ ಪಿಎಂ 2.5 ಎನ್ನುತ್ತಾರೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್, ಈ ಕಣ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣದು. ಹೊರಗಿನ ಗಾಳಿಯಲ್ಲಿ ಘನ ಮೀಟರಿಗೆ 30 ಮೈಕ್ರೋಗ್ರಾಂ ಇದೆ ಎಂದುಕೊಳ್ಳಿ. ಒಬ್ಬ ತಾಯಿ 22 ಗಂಟೆ ಈ ಗಾಳಿಯಲ್ಲಿರುತ್ತಾಳೆ, ಮಿಕ್ಕ 2 ಗಂಟೆ ಸೌದೆ ಒಲೆಯ ಮುಂದೆ 600 ಮೈಕ್ರೋಗ್ರಾಂ ಹೊಗೆಯಲ್ಲಿರುತ್ತಾಳೆ. ಸೌದೆ ಉರಿಯುವ ಅಡುಗೆಮನೆಗೆ 600 ಅತಿಶಯದ ಅಂಕಿಯಲ್ಲ. ಇಡೀ ದಿನದ ಸರಾಸರಿ ತೆಗೆದರೆ ಅವಳ ಪಾಲಿಗೆ 77ರ ಮೇಲೆ ಬರುತ್ತದೆ. ನಮ್ಮ ದೇಶದ 2009ರ ಮಾನದಂಡದಲ್ಲಿ ದಿನದ ಮಿತಿ 60, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15. ಅವಳು ಒಳಗೆ ತೆಗೆದುಕೊಂಡ ಮಾಲಿನ್ಯದಲ್ಲಿ ಮೂರರಲ್ಲಿ ಎರಡು ಪಾಲು ಆ ಎರಡು ಗಂಟೆಯದು. ಹೊರಗಿನ ಯಂತ್ರ ಅದೇ ದಿನ ಹಸಿರು ತೋರಿಸಿರುತ್ತದೆ.

ಹೀಗೆ ಲೆಕ್ಕ ಹಾಕುವುದನ್ನು ಜಗತ್ತಿಗೆ ಒತ್ತಿ ಹೇಳಿದವರಲ್ಲಿ ಅಮೆರಿಕದ ಕಿರ್ಕ್ ಸ್ಮಿತ್ ಮುಖ್ಯರು. 2020ರಲ್ಲಿ ತೀರಿಕೊಂಡರು. 1980ರ ದಶಕದ ಆರಂಭದಲ್ಲಿ ಅವರು ಭಾರತೀಯ ಸಂಗಾತಿಗಳ ಜೊತೆ ಗುಜರಾತಿನ ಹಳ್ಳಿಗಳಿಗೆ ಹೋಗಿ, ಒಲೆಯ ಮುಂದೆ ಅಡುಗೆ ಮಾಡುವ ಹೆಂಗಸರು ಉಸಿರಾಡುವ ಹೊಗೆಯನ್ನೇ ಅಳೆದರು. ಮನೆಯೊಳಗೆ ಬಿಟ್ಟ ಒಂದು ಗ್ರಾಂ ಹೊಗೆ ಯಾರಾದರೊಬ್ಬರ ಎದೆ ಸೇರುವ ಸಂಭವ, ದೂರದ ಎತ್ತರದ ಚಿಮಣಿಯಿಂದ ಬಿಟ್ಟ ಒಂದು ಗ್ರಾಂಗಿಂತ ಸಾವಿರ ಪಟ್ಟಿನಷ್ಟು ಹೆಚ್ಚು ಎಂದು ಅವರು ಹೇಳುತ್ತಿದ್ದರು. ಎಷ್ಟು ಹೊಗೆ ಹುಟ್ಟಿತು ಎಂಬುದರ ಜೊತೆಗೆ ಅದು ಯಾರ ಮುಖದ ಮುಂದೆ ಹುಟ್ಟಿತು ಎಂದೂ ಕೇಳಬೇಕು.

ಈ ಪ್ರಶ್ನೆ ಇಟ್ಟುಕೊಂಡು ಶಿಡ್ಲಘಟ್ಟಕ್ಕೆ ಬರೋಣ.

ರಾಮನಗರ ಬಿಟ್ಟರೆ ರೇಷ್ಮೆ ಗೂಡಿನ ಮಾರುಕಟ್ಟೆ ಎಂದು ರಾಜ್ಯದಲ್ಲಿ ಹೆಸರು ಹೇಳುವುದು ಶಿಡ್ಲಘಟ್ಟವನ್ನೇ. ಮಾರುಕಟ್ಟೆಯಲ್ಲಿ ಗೂಡು ಕೊಂಡ ರೀಲರುಗಳು ಅದನ್ನು ಹೆಚ್ಚು ದಿನ ಇಡುವಂತಿಲ್ಲ, ಇಟ್ಟರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದು ಹೊರಬರುತ್ತದೆ, ನೂಲು ತುಂಡಾಗುತ್ತದೆ. ಆದ್ದರಿಂದ ಒಲೆ ಆರುವುದಿಲ್ಲ. ಊರಿನ ಗಲ್ಲಿಗಳಲ್ಲಿ ವಾಸದ ಮನೆಗೆ ತಾಗಿಕೊಂಡೇ ಬಿಚ್ಚಾಣಿಕೆ ಘಟಕಗಳಿವೆ. ಹಳೆಯ ಚರಕದಲ್ಲಿ ಗೂಡು ಬೇಯಿಸುವುದೂ ನೂಲು ಬಿಚ್ಚುವುದೂ ಕುದಿಯುವಂಥ ಒಂದೇ ನೀರಿನಲ್ಲಿ. ಒಲೆ ಕೆಳಗೆ, ಬಾಣಲೆ ಮೇಲೆ, ಅದರ ಮುಂದೆ ಬಿಚ್ಚುವವರು. ಒಲೆಗೆ ನೀಲಗಿರಿ ಸೌದೆ, ಹಿಪ್ಪುನೇರಳೆ ಕಡ್ಡಿ, ಕಡಲೆಕಾಯಿ ಸಿಪ್ಪೆ, ಯಾವುದು ಅಗ್ಗವೋ ಅದು. ಹಸಿ ಸೌದೆಯಾದರೆ ಬೆಂಕಿಗಿಂತ ಹೊಗೆಯೇ ಜಾಸ್ತಿ.

ಆ ಕೋಣೆಯ ಗಾಳಿಯಲ್ಲಿ ಏನೇನಿದೆ ನೋಡಿ. ಮೊದಲನೆಯದು ಹೊಗೆಯ ಸಣ್ಣ ಕಣ. ಎರಡನೆಯದು ಕಣ್ಣಿಗೆ ಕಾಣದ, ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್. ಸರಿಯಾಗಿ ಉರಿಯದ ಬೆಂಕಿಯೆಲ್ಲ ಇದನ್ನು ಬಿಡುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ, ಆದ್ದರಿಂದ ಮಧ್ಯಾಹ್ನದ ಹೊತ್ತಿಗೆ ತಲೆ ದಿಮ್ಮೆನ್ನುತ್ತದೆ, ಹೊಟ್ಟೆ ತೊಳಸುತ್ತದೆ. ಊಟ ಸರಿಯಾಗಲಿಲ್ಲ, ನಿದ್ದೆಯಾಗಲಿಲ್ಲ ಎಂದು ಅವಳು ಮಾತ್ರೆ ನುಂಗಿ ಮತ್ತೆ ಕೂರುತ್ತಾಳೆ. ಬಸುರಿಯಾಗಿದ್ದರೆ ಹೊಟ್ಟೆಯಲ್ಲಿರುವ ಮಗುವಿಗೂ ಆಮ್ಲಜನಕ ಕಡಿಮೆಯಾಗುತ್ತದೆ. ಮೂರನೆಯದು ಆವಿಯ ಜೊತೆ ಏಳುವ ರೇಷ್ಮೆಯ ಅಂಟು ಮತ್ತು ಬೆಂದ ಹುಳುವಿನ ಪ್ರೋಟೀನು. ಶಿಡ್ಲಘಟ್ಟದ ಗಲ್ಲಿಗೆ ಹೊಸಬರು ಕಾಲಿಟ್ಟ ಕೂಡಲೇ ಮೂಗು ಮುಚ್ಚಿಕೊಳ್ಳುವುದು ಈ ವಾಸನೆಗೆ. ಅಲ್ಲಿಯವರಿಗೆ ಅಭ್ಯಾಸವಾಗಿದೆ, ಆದರೆ ಅಭ್ಯಾಸವಾಗುವುದು ಮೂಗಿಗೆ ಮಾತ್ರ. ರೇಷ್ಮೆ ಫಿಲೇಚರುಗಳ, ಅಂದರೆ ನೂಲು ಬಿಚ್ಚುವ ಕಾರ್ಖಾನೆಗಳ ಕಾರ್ಮಿಕರಲ್ಲಿ ಕಸುಬಿನಿಂದಲೇ ಬರುವ ಆಸ್ತಮಾ ಕುರಿತು ಭಾರತೀಯ ಸಂಶೋಧಕರು 1985ರಲ್ಲೇ ಬರೆದಿದ್ದಾರೆ. ಆ ಮಾತು ಕೋಣೆಯೊಳಗಿನ ಕಾರ್ಮಿಕರಿಗೆ ಇನ್ನೂ ಸರಿಯಾಗಿ ತಲುಪಿಲ್ಲ. ನಮ್ಮ ಕಡೆ ದಮ್ಮು ಎಂದರೆ ಮನೆತನದ ಕಾಯಿಲೆ, ಹಣೆಯ ಬರಹ.

ಈ ಹೊಗೆಯಲ್ಲಿ ಮಕ್ಕಳೂ ಕೂತಿದ್ದರು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ವರದಿ ಮಾಡಿದಾಗ ಕರ್ನಾಟಕದ ಘಟಕಗಳೂ ಅದರಲ್ಲಿದ್ದವು. ಕುದಿನೀರಿಗೆ ಕೈಯದ್ದುವ ಮಕ್ಕಳು, ಹೊಗೆಯಲ್ಲಿ ಉಸಿರಾಡುವ ಮಕ್ಕಳು. ಬಾಲಕಾರ್ಮಿಕ ಪದ್ಧತಿಯ ವಿರುದ್ಧದ ಒತ್ತಡದಿಂದ ಆ ಸ್ಥಿತಿ ಸುಧಾರಿಸಿತು. ಆದರೆ ಕೆಲಸಕ್ಕೆ ಬರದ ಮಗುವೂ ತಾಯಿಯ ಪಕ್ಕದಲ್ಲಿ ಅದೇ ಕೋಣೆಯ ಮೂಲೆಯಲ್ಲಿ ಮಲಗುತ್ತದೆ. ಮಗುವಿನ ಉಸಿರು ದೊಡ್ಡವರಿಗಿಂತ ಚುರುಕು, ತೂಕಕ್ಕೆ ಹೋಲಿಸಿದರೆ ಅದು ಒಳಗೆ ತೆಗೆದುಕೊಳ್ಳುವ ಗಾಳಿಯೂ ಹೆಚ್ಚು.

ಇದಕ್ಕೆ ದಾರಿ ಇಲ್ಲದೆ ಇಲ್ಲ. 1990ರ ದಶಕದಲ್ಲಿ ದೆಹಲಿಯ ಇಂಧನ ಸಂಶೋಧನಾ ಸಂಸ್ಥೆ ಟೆರಿ ಸ್ವಿಟ್ಜರ್ಲೆಂಡಿನ ನೆರವಿನೊಂದಿಗೆ ಕರ್ನಾಟಕದ ಬಿಚ್ಚಾಣಿಕೆ ಘಟಕಗಳಿಗೆ ಗ್ಯಾಸಿಫೈಯರ್ ಒಲೆಗಳನ್ನು ತಂದಿತು. ಸೌದೆಯನ್ನು ಮೊದಲು ಅನಿಲವಾಗಿಸಿ ಆಮೇಲೆ ಉರಿಸುವ ಈ ಒಲೆಯಲ್ಲಿ ಸೌದೆ ಗಣನೀಯವಾಗಿ ಉಳಿಯಿತು, ಹೊಗೆಯೂ ತಗ್ಗಿತು. ಚರಕ, ಕಾಟೇಜ್ ಬೇಸಿನ್ ಎಂಬ ಹಳೆಯ ಸಾಧನಗಳನ್ನು ದಾಟಿ ಹಲವು ಎಳೆ ಒಟ್ಟಿಗೆ ಬಿಚ್ಚುವ ಮಲ್ಟಿ ಎಂಡ್ ಯಂತ್ರಕ್ಕೆ, ಈಗ ಸ್ವಯಂಚಾಲಿತ ಯಂತ್ರಕ್ಕೆ ಹೋದ ಘಟಕಗಳಲ್ಲಿ ಬಾಯ್ಲರ್ ಬೇರೆ ಕಡೆ ಇದ್ದು ಕೊಳವೆಯಲ್ಲಿ ಆವಿ ಬರುತ್ತದೆ. ನೂಲಿನ ಗುಣಮಟ್ಟಕ್ಕೆಂದು ತಂದ ಯಂತ್ರವಿದು. ನನ್ನ ದೃಷ್ಟಿಯಲ್ಲಿ ಅದರ ದೊಡ್ಡ ಉಪಕಾರ ಬೇರೆ: ಬಿಚ್ಚುವವಳ ಮುಖದ ಮುಂದಿದ್ದ ಬೆಂಕಿ ಗೋಡೆಯಾಚೆಗೆ ಹೋಯಿತು. ರೇಷ್ಮೆ ಇಲಾಖೆ ಯಂತ್ರಗಳಿಗೆ ಸಹಾಯಧನ ಕೊಡುತ್ತದೆ. ಅದರ ಷರತ್ತಿನಲ್ಲೇ ಬೇರೆ ಬಾಯ್ಲರ್ ಕೋಣೆ, ಅಕ್ಕಪಕ್ಕದ ಸೂರಿಗಿಂತ ಎತ್ತರದ ಚಿಮಣಿ, ಆವಿ ಹೊರಹಾಕುವ ಫ್ಯಾನು ಬರೆದಿರಬೇಕು. ಎರಡೇ ಚರಕ ಇಟ್ಟುಕೊಂಡು ಸಾಲದಲ್ಲಿ ಬದುಕುವ ಬಡ ರೀಲರಿಗೆ ದೊಡ್ಡ ಯಂತ್ರ ಕೈಗೆಟುಕುವುದಿಲ್ಲ. ಅವನಿಗೆ ಚಿಮಣಿಗಷ್ಟೇ, ಒಲೆಗಷ್ಟೇ ಸಿಗುವ ಸಣ್ಣ ನೆರವು ಬೇಕು. ಗಿಡ್ಡ ಚಿಮಣಿ ಹಾಕಿ ಹೊಗೆಯನ್ನು ಪಕ್ಕದ ಮನೆಯ ಕಿಟಕಿಗೆ ತಿರುಗಿಸಿದರೆ ಬರುವ ಲಾಭ ಅಷ್ಟಕ್ಕಷ್ಟೇ. ನಮ್ಮ ಗಲ್ಲಿಗಳಲ್ಲಿ ಆಗುತ್ತಿರುವುದು ಬಹಳ ಮಟ್ಟಿಗೆ ಅದೇ.

ಗೂಡು ಬರುವುದು ಹುಳು ಮನೆಯಿಂದ. ಒಂದು ಬೆಳೆ ಮುಗಿದು ಮುಂದಿನ ಚಾಕಿ, ಅಂದರೆ ಎಳೆಯ ಹುಳು ಬರುವ ಮುಂಚೆ ರೈತರು ಮನೆಯನ್ನೂ ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆಗಳನ್ನೂ ಸೋಂಕು ಕಳೆಯಲು ತೊಳೆಯುತ್ತಾರೆ. ಇದಕ್ಕೆ ಹಿಂದಿನಿಂದ ಬಂದದ್ದು ಫಾರ್ಮಲಿನ್. ಸಿಂಪಡಿಸಿ ಬಾಗಿಲು ಮುಚ್ಚಿದರೆ ಒಳಗೆ ಕಣ್ಣು ಬಿಡಲಾಗದು. ಫಾರ್ಮಲಿನ್‌ನಿಂದ ಏಳುವ ಫಾರ್ಮಾಲ್ಡಿಹೈಡ್ ಅನಿಲವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಮನುಷ್ಯನಿಗೆ ಕ್ಯಾನ್ಸರ್ ತರುವಂಥದ್ದೆಂದು ಮೊದಲ ಗುಂಪಿಗೆ ಸೇರಿಸಿತು. ಹುಳು ಸಾಕುವ ಮನೆಯೂ ವಾಸದ ಮನೆಯೂ ಒಂದೇ ಆಗಿದ್ದರೆ ಆ ವಾಸನೆ ಅಡುಗೆಮನೆಗೂ ಬರುತ್ತದೆ. ಬ್ಲೀಚಿಂಗ್ ಪುಡಿ, ಕ್ಲೋರಿನ್ ಡೈಆಕ್ಸೈಡ್ ಮುಂತಾದ ಬದಲಿಗಳಿವೆ. ಅವೂ ಮೂಗಿಗೆ ಒಳ್ಳೆಯವಲ್ಲ, ಆದರೆ ಅಳತೆ ಮೀರದೆ, ಮುಖಕ್ಕೆ ತಕ್ಕ ಮಾಸ್ಕ್ ಹಾಕಿ ಬಳಸಬಹುದು. ತಲೆಗೆ ಸುತ್ತಿದ ಟವೆಲನ್ನೇ ಮೂಗಿಗೆ ಕಟ್ಟಿಕೊಂಡರೆ ಅನಿಲ ನಿಲ್ಲುವುದಿಲ್ಲ, ಸಣ್ಣ ಕಣವೂ ನಿಲ್ಲುವುದಿಲ್ಲ. ಒದ್ದೆ ಮಾಡಿ ಕಟ್ಟಿಕೊಂಡರೂ ಅಷ್ಟೇ. ಇದನ್ನು ದಯವಿಟ್ಟು ನೆನಪಿಡಿ, ನಮ್ಮ ಕಡೆಯ ಎಲ್ಲ ಕಸುಬಿನಲ್ಲೂ ಟವೆಲ್ಲೇ ರಕ್ಷಣೆ ಎಂಬ ನಂಬಿಕೆ ಇದೆ.

ಚಿಕ್ಕಬಳ್ಳಾಪುರ ತಾಲ್ಲೂಕಿನ ಕಥೆ ಕಲ್ಲಿನದು. ಪೇರೇಸಂದ್ರದ ಬಳಿ ಹಿರೇನಾಗವಲ್ಲಿಯಲ್ಲಿ 2021ರ ಫೆಬ್ರವರಿಯ ಒಂದು ರಾತ್ರಿ ಜಿಲೆಟಿನ್ ಕಡ್ಡಿಗಳು ಸ್ಫೋಟಿಸಿ 6 ಮಂದಿ ಸತ್ತರು. ಆ ಸುದ್ದಿ ದೇಶಕ್ಕೆಲ್ಲ ಕೇಳಿಸಿತು. ಅದೇ ಕಲ್ಲಿನಿಂದ ಸದ್ದಿಲ್ಲದೆ ಬರುವ ಸಾವು ಮಾತ್ರ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಗ್ರಾನೈಟಿನಲ್ಲಿ ಸಿಲಿಕಾ ಇದೆ. ಡ್ರಿಲ್ ಮಾಡಿದಾಗ, ಕ್ರಷರ್‌ಗೆ ಸುರಿದಾಗ ಏಳುವ ಅತಿ ಸಣ್ಣ ಪುಡಿ ಶ್ವಾಸಕೋಶದ ಗೂಡುಗಳಿಗೆ ಇಳಿದು ಅಲ್ಲೇ ಉಳಿಯುತ್ತದೆ. ದೇಹ ಅದನ್ನು ಕರಗಿಸಲಾರದೆ ಸುತ್ತ ಗಾಯ ಕಟ್ಟುತ್ತದೆ. ವರ್ಷಗಳು ಕಳೆದ ಮೇಲೆ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು. ಇದು ಸಿಲಿಕೋಸಿಸ್. ಒಮ್ಮೆ ಬಂದರೆ ಹಿಂದಕ್ಕೆ ಹೋಗುವ ಕಾಯಿಲೆಯಲ್ಲ. ಎಕ್ಸ್‌ರೇಯಲ್ಲಿ ಕ್ಷಯದಂತೆಯೇ ಕಾಣುವುದರಿಂದ ಎಷ್ಟೋ ಜನ ಕ್ಷಯದ ಮಾತ್ರೆ ನುಂಗುತ್ತಲೇ ದಿನ ಕಳೆಯುತ್ತಾರೆ. ಸಿಲಿಕೋಸಿಸ್ ಇದ್ದವರಿಗೆ ಕ್ಷಯವೂ ಬೇಗ ಅಂಟುತ್ತದೆ. ಕಾನೂನಿನ ಪ್ರಕಾರ ಇದು ವರದಿ ಮಾಡಲೇಬೇಕಾದ ರೋಗ. ಆದರೆ ಬಿಹಾರ, ಒಡಿಶಾದಿಂದ ಬಂದು ಶೆಡ್ಡಿನಲ್ಲಿದ್ದು ಎರಡು ವರ್ಷ ದುಡಿದು ಹೋದ ಹುಡುಗನ ವರದಿ ಮಾಡುವವರು ಯಾರು? ಕಾಯಿಲೆ ತೋರುವ ಹೊತ್ತಿಗೆ ಅವನು ತನ್ನೂರಿನಲ್ಲಿರುತ್ತಾನೆ, ಚಿಕ್ಕಬಳ್ಳಾಪುರದ ಹೆಸರು ಅಲ್ಲಿ ಯಾರಿಗೂ ನೆನಪಿರುವುದಿಲ್ಲ.

ಕ್ರಷರ್‌ಗಳನ್ನು ಎಲ್ಲೆಂದರಲ್ಲಿ ಹಾಕಬಾರದೆಂದು, ಸುರಕ್ಷಿತ ವಲಯದಲ್ಲೇ ಇರಬೇಕೆಂದು ಕರ್ನಾಟಕದಲ್ಲಿ 2011ರ ಕಾಯ್ದೆ ಇದೆ. ನೀರು ಚಿಮುಕಿಸುವುದು, ಕನ್ವೇಯರ್ ಮುಚ್ಚುವುದು, ಸುತ್ತ ಗೋಡೆ ಕಟ್ಟಿ ಮರ ಬೆಳೆಸುವುದು, ಇವೆಲ್ಲ ಅನುಮತಿ ಪತ್ರದಲ್ಲಿ ಇರುತ್ತವೆ. ನೀರಿನ ಬರದ ನಮ್ಮ ಜಿಲ್ಲೆಯಲ್ಲಿ ಮೊದಲು ನಿಲ್ಲುವುದು ಆ ನೀರು. ಆಮೇಲೆ ಟಾರ್ಪಾಲು ಹೊದಿಸದ ಟಿಪ್ಪರುಗಳು ಜಲ್ಲಿ, ಎಂ-ಸ್ಯಾಂಡ್ ತುಂಬಿಕೊಂಡು ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಬೆಂಗಳೂರಿಗೆ ಹೊರಡುತ್ತವೆ. ಉದುರಿದ ಪುಡಿಯನ್ನು ಹಿಂದೆ ಬರುವ ಪ್ರತಿ ಚಕ್ರವೂ ಮತ್ತೆ ಮೇಲೆಬ್ಬಿಸುತ್ತದೆ. ಬೈಕಿನವರು ಕಣ್ಣು ಉಜ್ಜಿಕೊಂಡು ಮುಂದೆ ಹೋಗುತ್ತಾರೆ. ರಸ್ತೆ ಬದಿಯಲ್ಲಿ ಸೀಬೆಹಣ್ಣು, ದ್ರಾಕ್ಷಿ ಇಟ್ಟುಕೊಂಡು ಕೂತ ಹೆಂಗಸು ಸಂಜೆಯವರೆಗೂ ಅಲ್ಲೇ ಇರುತ್ತಾಳೆ.

ಚಿಂತಾಮಣಿಯ ಮಂಡಿಯಲ್ಲಿ ಟೊಮೆಟೊ ಸುಗ್ಗಿಯ ದಿನಗಳಲ್ಲಿ ಎಂಜಿನ್ ಆರಿಸದೆ ಸಾಲು ನಿಂತ ಗಾಡಿಗಳ ನಡುವೆ ಹಮಾಲರು ದುಡಿಯುತ್ತಾರೆ. ನಿಂತ ಗಾಡಿಯ ಎಂಜಿನ್ ಆರಿಸಲು ಯಾವ ಯೋಜನೆಯೂ ಬೇಡ, ಮಂಡಿ ಸಮಿತಿಯ ಒಂದು ಕಟ್ಟುನಿಟ್ಟಿನ ಸೂಚನೆ ಸಾಕು. ಹೊಲದ ಬದುವಿನಲ್ಲಿ ಹಳೆಯ ಮಲ್ಚಿಂಗ್ ಶೀಟು, ಡ್ರಿಪ್ ಪೈಪು ಸುಡುವುದು, ಪೌರಕಾರ್ಮಿಕರು ಬರುವ ಮುಂಚೆಯೇ ಬೀದಿ ಮೂಲೆಯ ಕಸಕ್ಕೆ ಬೆಂಕಿ ಹಚ್ಚುವುದು ನಾಲ್ಕು ಊರುಗಳಲ್ಲೂ ಇದೆ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ನೆಲದ ಬಳಿಯ ತಣ್ಣನೆ ಗಾಳಿ ಮೇಲೇಳದು, ಬಿಸಿಲು ಏರುವವರೆಗೆ ಹೊಗೆ ಹೆಂಚಿನ ಮಟ್ಟದಲ್ಲೇ ನಿಂತಿರುತ್ತದೆ. ಮಕ್ಕಳು ಶಾಲೆಗೆ ನಡೆದು ಹೋಗುವ ಹೊತ್ತೂ ಅದೇ.

ಇನ್ನು ಮನೆಯೊಳಗೆ. ಉಜ್ವಲಾ ಯೋಜನೆ 2016ರಲ್ಲಿ ಬಂತು, ನಮ್ಮ ರಾಜ್ಯದಲ್ಲಿ ಅನಿಲಭಾಗ್ಯ ಬಂತು, ಅಡುಗೆಗೆ ಗ್ಯಾಸು ಬಂತು. ಇದು ಸಣ್ಣ ಬದಲಾವಣೆಯಲ್ಲ. ಆದರೂ ಸಿಲಿಂಡರ್ ಬೆಲೆ ಏರಿದಾಗ ಮುದ್ದೆಗೆ, ಕಾಳು ಬೇಯಿಸಲು ಸೌದೆಯೇ. ಸ್ನಾನದ ನೀರಿಗಂತೂ ಗ್ಯಾಸಿದ್ದ ಮನೆಯಲ್ಲೂ ಹಂಡೆ ಒಲೆ. ಬೆಂಕಿ ಹತ್ತಿಸಲು ಪ್ಲಾಸ್ಟಿಕ್ ಕವರು, ಹರಿದ ಚಪ್ಪಲಿ, ಟೈರಿನ ಚೂರು. ಅಜ್ಜಿ ಊದುಗೊಳವೆ ಹಿಡಿದು ಊದುತ್ತಾಳೆ, ಊದಿದಷ್ಟೇ ಜೋರಾಗಿ ಉಸಿರು ಒಳಗೆ ಎಳೆದುಕೊಳ್ಳುತ್ತಾಳೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಕೇಂದ್ರದಿಂದ ಬಂದ ಚಿಮಣಿಯ ಅಸ್ತ್ರ ಒಲೆ ನಮ್ಮ ಹಳ್ಳಿಗಳಲ್ಲಿ ಹಿರಿಯರಿಗೆ ನೆನಪಿದೆ. ಕೊಳವೆಯಲ್ಲಿ ಮಸಿ ಕಟ್ಟಿಕೊಂಡಾಗ ತೆಗೆಯುವವರಿಲ್ಲದೆ ಎಷ್ಟೋ ಒಲೆಗಳು ಹಾಳಾದವು. ಒಲೆ ಕೊಟ್ಟರೆ ಸಾಲದು, ಅದನ್ನು ನೋಡಿಕೊಳ್ಳುವ ಏರ್ಪಾಡೂ ಬೇಕು. ಗ್ಯಾಸಿನ ವಿಚಾರದಲ್ಲೂ ಇದೇ ಪಾಠ: ಸಂಪರ್ಕ ಕೊಟ್ಟದ್ದನ್ನಷ್ಟೇ ಎಣಿಸುತ್ತೇವೆ, ವರ್ಷಕ್ಕೆ ಎಷ್ಟು ಸಿಲಿಂಡರ್ ತುಂಬಿಸಿದರು ಎಂದು ಎಣಿಸಬೇಕು.

ರಾತ್ರಿ ಕಿಟಕಿ ಮುಚ್ಚಿ ಸೊಳ್ಳೆ ಬತ್ತಿ ಹಚ್ಚುತ್ತೇವೆ. ಒಂದು ಸುರುಳಿ ಪೂರ್ತಿ ಉರಿದರೆ ಬರುವ ಸಣ್ಣ ಕಣಗಳ ಪ್ರಮಾಣ 75ರಿಂದ 137 ಸಿಗರೇಟಿನದಕ್ಕೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹಾಲು ಕುಡಿಯುವ ಮಗು ಮಲಗಿದ ಕೋಣೆಯಲ್ಲಿ ಅದನ್ನು ಹಚ್ಚಬೇಡಿ, ಸೊಳ್ಳೆ ಪರದೆ ಕಟ್ಟಿ.

ಇಂಥ ತುಣುಕುಗಳೆಲ್ಲ ಸೇರಿದರೆ ಎಷ್ಟಾಗುತ್ತದೆ? 2019ರಲ್ಲಿ ಭಾರತದಲ್ಲಿ ಗಾಳಿಯ ಮಾಲಿನ್ಯದಿಂದ ಆದ ಸಾವು 16.7 ಲಕ್ಷ ಎಂದು ದೇಶದ ರಾಜ್ಯವಾರು ರೋಗಭಾರ ಅಧ್ಯಯನ ಅಂದಾಜು ಮಾಡಿತು, ಆ ವರ್ಷದ ಒಟ್ಟು ಸಾವಿನಲ್ಲಿ ಶೇಕಡಾ 17.8. ಅದರಲ್ಲಿ ಸುಮಾರು 6 ಲಕ್ಷ ಮನೆಯೊಳಗಿನ ಹೊಗೆಯಿಂದ.

ಇದು ದೇಶದ ಅಂದಾಜು, ನಮ್ಮ ಜಿಲ್ಲೆಯ ಲೆಕ್ಕವನ್ನು ನಾವೇ ಅಳೆಯಬೇಕು. ಅಳೆಯುವುದು ನಮಗೆ ಹೊಸದಲ್ಲ. ಗೌರಿಬಿದನೂರಿನಲ್ಲಿ 1965ರಿಂದ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪ ಮಾಪನ ಜಾಲವಿದೆ. ಸಾವಿರಾರು ಕಿಲೋಮೀಟರ್ ಆಚೆ ನೆಲದೊಳಗೆ ಅಣುಬಾಂಬು ಸಿಡಿದರೆ ಅದು ಹಿಡಿಯುತ್ತದೆ. ಅದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಶಿಕ್ಷಣ ತಜ್ಞ ಎಚ್. ನರಸಿಂಹಯ್ಯನವರು ಏನನ್ನೂ ಪ್ರಶ್ನಿಸದೆ ಒಪ್ಪಬಾರದೆಂದು ಬದುಕಿಡೀ ಕಲಿಸಿದರು. ಅಂಥ ನೆಲದಲ್ಲಿ ಬಿಚ್ಚಾಣಿಕೆಯ ಹೆಣ್ಣುಮಕ್ಕಳ, ಕ್ರಷರ್ ಆಳುಗಳ, ಬಸ್ ಕಂಡಕ್ಟರುಗಳ ಕೊರಳಪಟ್ಟಿಗೆ ಸಣ್ಣ ಮಾಪಕ ಸಿಕ್ಕಿಸಿ ಅವರು ನಿಜವಾಗಿ ಉಸಿರಾಡುವುದನ್ನು ಅಳೆಯುವುದು ಕಷ್ಟವಾಗಬಾರದು. ಅಂಗೈಯಗಲದ ಉಪಕರಣಗಳು ಈಗ ಸಿಗುತ್ತವೆ. ಜಿಲ್ಲೆಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಅಲ್ಲಿನ ವಿದ್ಯಾರ್ಥಿಗಳು ಇದನ್ನು ಕೈಗೆತ್ತಿಕೊಳ್ಳಬಹುದು, ಮಾಲಿನ್ಯ ನಿಯಂತ್ರಣ ಮಂಡಳಿ ಜೊತೆ ನಿಲ್ಲಬಹುದು. ಅಂಕಿ ಕೈಯಲ್ಲಿದ್ದರೆ ಕೇಳುವುದಕ್ಕೆ ಬಲ ಬರುತ್ತದೆ.

ಅಲ್ಲಿಯವರೆಗೆ ಒಂದು ಕೆಲಸ ನಿಮ್ಮ ಕೈಯಲ್ಲೇ ಇದೆ. ಆಸ್ಪತ್ರೆಯ ಹೊರರೋಗಿ ಚೀಟಿಯಲ್ಲಿ ಹೆಸರು, ವಯಸ್ಸು, ಊರು ಬರೆಯುತ್ತಾರೆ, ಕಸುಬು ಬರೆಯುವುದು ಅಪರೂಪ. ಹಾಗಾಗಿ ಕೆಮ್ಮಿಗೆ, ದಮ್ಮಿಗೆ ಎಂದು ಹೋದಾಗ ಡಾಕ್ಟರು ಕೇಳದಿದ್ದರೂ ನೀವೇ ಬಾಯಿಬಿಟ್ಟು ಹೇಳಿ: ಚರಕದ ಮುಂದೆ ಇಷ್ಟು ವರ್ಷ ಕೂತಿದ್ದೇನೆ, ಕ್ರಷರ್‌ನಲ್ಲಿ ಇಷ್ಟು ವರ್ಷ ದುಡಿದಿದ್ದೇನೆ, ಹುಳು ಮನೆಗೆ ಫಾರ್ಮಲಿನ್ ಹೊಡೆಯುತ್ತೇನೆ, ಮನೆಯಲ್ಲಿ ಸೌದೆ ಒಲೆ ಇದೆ. ಚೀಟಿಯ ಮೇಲೆ ಅದನ್ನು ಬರೆಸಿ. ಎದೆಯ ಎಕ್ಸ್‌ರೇ ಜೊತೆಗೆ ಊದಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿ ಎಂದು ಕೇಳಿ. ಬಸುರಿ ಹೆಂಗಸರು ತಿಂಗಳ ತಪಾಸಣೆಗೆ ಹೋದಾಗ ಒಲೆಯ ವಿಷಯವನ್ನೂ ಕೆಲಸದ ವಿಷಯವನ್ನೂ ಆಶಾ ಕಾರ್ಯಕರ್ತೆಗೆ ಹೇಳಿ, ತಾಯಿ ಕಾರ್ಡಿನಲ್ಲಿ ಗುರುತು ಹಾಕಿಸಿಕೊಳ್ಳಿ.